ಗೊರಕೆಯ ಕ್ಲಿಪ್ಪು ಮತ್ತು ಮೇಗುಂದ ತಿರುವಿನ ಕೋಣ

ನಾನೀಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಜೀಪಿನ ನಾಲ್ಕೂ ಚಕ್ರ ಒಟ್ಟಿಗೇ ಪಂಕ್ಚರ್ ಆಗಲಿ, ಸ್ಟೆಪ್ನಿ ಸಹಿತ. ಜೀಪು ನಂಬಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಆಣೆ ಇಲ್ಲ. ನಮ್ಮ ಕಡೆ ಇಂಥವು ಆಗುತ್ತಲೇ ಇರುತ್ತವೆ. ಬೇರೆಯವರಿಗೆ ಆದರೆ ನಾನು ಊರಿಗೆಲ್ಲ ಹೇಳುತ್ತೇನೆ, ನನಗೆ ಆದರೆ ಊರಿನವರು ಹೇಳುತ್ತಾರೆ. ಈ ಸಲ ಅವರಿಗಿಂತ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು, ಸ್ವಲ್ಪ ಮರ್ಯಾದೆಯ ವಿಷಯ.

ನಾನು ಮೇಗುಂದದವನು. ಇಪ್ಪತ್ತೆಂಟು ವರ್ಷದಿಂದ ಜೀಪು ಓಡಿಸುತ್ತಿದ್ದೇನೆ. ಬೆಳಿಗ್ಗೆ ಶಾಲೆಯ ಮಕ್ಕಳನ್ನು ಜಯಪುರಕ್ಕೆ ಬಿಡುವುದು, ಸಂಜೆ ಕರೆತರುವುದು, ನಡುವೆ ಮದುವೆ, ಆಸ್ಪತ್ರೆ, ನೆಂಟರ ಮನೆ. ಮಕ್ಕಳಿಗೆ ನಾನು ಜೀಪ್ ಮಾವ. ಆ ಮಕ್ಕಳ ಅಪ್ಪಂದಿರಿಗೂ ಜೀಪ್ ಮಾವನೇ, ಅವರೂ ನನ್ನ ಜೀಪಿನಲ್ಲೇ ಶಾಲೆಗೆ ಹೋದವರು.

ಜೀಪು ಬಿಟ್ಟರೆ ನನ್ನ ಇನ್ನೊಂದು ಸಾಧನೆ ಗೊರಕೆ. ಹೆಮ್ಮೆಗೆ ಹೇಳುವುದಲ್ಲ, ನಮ್ಮ ಹೋಬಳಿಯಲ್ಲಿ ನನ್ನ ಸಮಕ್ಕೆ ಗೊರಕೆ ಹೊಡೆಯುವವನು ಇನ್ನೂ ಹುಟ್ಟಿಲ್ಲ. ಪಕ್ಕದ ಮನೆಯ ನಾಯಿ ಮೊದಮೊದಲು ನನ್ನ ಗೊರಕೆ ಕೇಳಿ ಬೊಗಳುತ್ತಿತ್ತು. ಆಮೇಲೆ ಅಭ್ಯಾಸವಾಗಿ, ಗೊರಕೆ ನಡುವೆ ನಿಂತರೆ ಮಾತ್ರ ಬೊಗಳತೊಡಗಿತು. ನನ್ನ ಹೆಂಡತಿಯದೂ ಅದೇ ಕಥೆ. "ನಿಮ್ಮ ಗೊರಕೆ ಕೇಳಿದ್ರೆ ಸಿಟ್ಟು ಬರುತ್ತೆ, ನಿಂತ್ರೆ ಹೆದರಿಕೆ ಆಗುತ್ತೆ" ಅನ್ನುವಳು. ನಾನದನ್ನು ಪ್ರೀತಿ ಎಂದುಕೊಂಡು ಹಾಯಾಗಿದ್ದೆ.

೧. ಕೋಣ

ಆಗಿದ್ದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಮಕ್ಕಳನ್ನು ಜಯಪುರದಲ್ಲಿ ಇಳಿಸಿ ವಾಪಸು ಬರುತ್ತಿದ್ದೆ. ಪಕ್ಕದಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಪಾಕದಂಥ ಜೋನಿ ಬೆಲ್ಲದ ಡಬ್ಬಿ. ಮೇಗುಂದ ಇನ್ನೊಂದು ಕೂಗಳತೆ ಇದೆ ಅನ್ನುವಾಗ ಬರುವ ತಿರುವಿನಲ್ಲಿ ಒಂದು ಕಾಡುಕೋಣ ಧುತ್ತೆಂದು ಅಡ್ಡ ಬಂತು. ಪಳಗಿದ ಕೈ ನನ್ನದು. ಸ್ಟೇರಿಂಗನ್ನು ಎಡಕ್ಕೆ ಎಳೆದೆ. ಜೀಪು ರಸ್ತೆ ಬಿಟ್ಟು, ರಿಪೇರಿಗೆಂದು ಸುರಿದಿದ್ದ ಜಲ್ಲಿ ರಾಶಿಗೆ ಮೂತಿ ಊರಿ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಕೆಳಗಿನ ಹಳ್ಳದಲ್ಲಿರುತ್ತಿದ್ದರು. ನಮಗೆ ಏನೂ ಆಗಲಿಲ್ಲ. ಒಂದು ಹೆಡ್‌ಲೈಟು ಹೋಯಿತು, ಬೆಲ್ಲ ಹೆಂಡತಿಯ ಸೀರೆಗೆ ಹೋಯಿತು. ಜೀಪಿನ ಇರುವೆ ಎರಡು ವಾರ ಖಾಲಿಯಾಗಲಿಲ್ಲ.

ಮೇಗುಂದದ ಹೋಟೆಲಿನಲ್ಲಿ ನಾನು ಈ ಕಥೆ ಹೇಳಿದಾಗ ಕೋಣ ಸಾಧಾರಣದ್ದಿತ್ತು. ಜಯಪುರದಲ್ಲಿ ಹೇಳುವಾಗ ಕೊಂಬು ಮಾರುದ್ದ ಆಯಿತು. ಕೊಪ್ಪಕ್ಕೆ ಮುಟ್ಟುವಷ್ಟರಲ್ಲಿ ಒಂದು ಟನ್ ತೂಗುತ್ತಿತ್ತು, ಮೂಗಿನಲ್ಲಿ ಹೊಗೆ ಬಿಡುತ್ತಿತ್ತು. "ಬೇಕಾದ್ರೆ ನಮ್ಮನೆಯವಳನ್ನ ಕೇಳಿ, ಪಕ್ಕದಲ್ಲೇ ಇದ್ಲು" ಅನ್ನುತ್ತಿದ್ದೆ. ಯಾರಾದರೂ ಕೇಳಿದರೆ ಅವಳು "ಅವರೇ ಚೆನ್ನಾಗಿ ಹೇಳ್ತಾರೆ" ಎಂದು ಒಳಗೆ ಹೋಗಿಬಿಡುವಳು.

ಆ ದಿನ ಮನೆಗೆ ಬಂದು ಸೀರೆ ಬದಲಿಸಿದವಳೇ ನನ್ನ ಮುಂದೆ ಅಂಗೈ ಚಾಚಿದಳು.

"ಕೀ ಕೊಡಿ."

"ಯಾಕೆ?"

"ಗೊರಕೆಗೆ ಮದ್ದು ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೆ ನಿಮಗೆ ಜೀಪಿಲ್ಲ."

"ಕೋಣಕ್ಕೂ ಗೊರಕೆಗೂ ಎಂತ ಸಂಬಂಧ ಮಾರಾಯ್ತಿ?"

"ನಾಳೆ ಬೆಳಿಗ್ಗೆ ಆ ಜೀಪಲ್ಲಿ ಹನ್ನೊಂದು ಮಕ್ಕಳು ಕೂರ್ತಾವೆ" ಅಂದಳು. ಅಷ್ಟೇ ಅಂದದ್ದು. ನಾನು ಕೀ ಕೊಟ್ಟೆ. ಅದು ಅವಳ ಕರಿಮಣಿಯ ಪಿನ್ನಿಗೆ ಸೇರಿತು.

ಮಕ್ಕಳ ಮನೆಗಳಿಗೆ ಅವಳೇ ಫೋನು ಮಾಡಿ, ಗೇರ್ ಬಾಕ್ಸ್ ಹೋಗಿದೆ, ಸದ್ಯಕ್ಕೆ ಬೇರೆ ಗಾಡಿ ನೋಡ್ಕೊಳ್ಳಿ ಅಂದಳು. ಹೆಡ್‌ಲೈಟು ಹಾಕಲು ಬಂದ ಜಯಪುರದ ಮೆಕ್ಯಾನಿಕ್ ಸಾಬರು ತಲೆ ಕೆರೆದುಕೊಂಡರು. "ಅಲ್ಲ ಜೀಪ್ ಮಾವ, ಮೂತಿ ಗುದ್ದಿದ್ರೆ ಗೇರ್ ಬಾಕ್ಸ್ ಹೇಗೆ ಹೋಗುತ್ತೆ?"

"ಕೋಣ ದೊಡ್ಡದಿತ್ತು ಸಾಬ್ರೆ" ಅಂದೆ.

೨. ಪ್ಯಾಸೆಂಜರ್

ಕೀ ಇಲ್ಲದ ಮೇಲೆ ಬಸ್ಸೇ ಗತಿ. ಕೊಪ್ಪದ ಡಾಕ್ಟರ ಹತ್ತಿರ ಹೋಗಲು ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬಸ್ಸು ಹತ್ತಿದೆ. ಡ್ರೈವರಿನ ಹಿಂದೆಯೇ ಕೂತು, "ಈ ಏರಿಗೆ ಸೆಕೆಂಡ್ ಗೇರ್ ಸಾಕಿತ್ತು", "ಇಲ್ಲಿ ಹಾರ್ನ್ ಹಾಕ್ಬೇಕು" ಎಂದು ಪುಕ್ಕಟೆ ಸಲಹೆ ಕೊಟ್ಟೆ. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ ಹಲ್ಲು ಕಡಿಯುತ್ತಿದ್ದ.

ಡಾಕ್ಟರು ನನ್ನನ್ನು ನಿದ್ದೆಯ ಪರೀಕ್ಷೆಗೆ ಕಳಿಸಿದರು. ಬೆರಳಿಗೊಂದು ವೈರು, ಎದೆಗೊಂದು ಪಟ್ಟಿ, ಮೂಗಿಗೊಂದು ಕೊಳವೆ ಹಾಕಿ ಮಲಗಿಸುತ್ತಾರೆ. ರಿಪೋರ್ಟು ಬಂತು. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಮೈ ಬೆದರಿ ಅರೆ ಎಚ್ಚರಾಗುತ್ತದೆ, ಮತ್ತೆ ಗೊರಕೆ, ಮತ್ತೆ ನಿಲ್ಲುವುದು. ಇಡೀ ರಾತ್ರಿ ಮಲಗಿದರೂ ನಿದ್ದೆ ಮಾಡಿದ ಲೆಕ್ಕಕ್ಕೆ ಬರುವುದಿಲ್ಲವಂತೆ, ಹಗಲಲ್ಲಿ ಕೂತಲ್ಲೇ ಕಣ್ಣು ಎಳೆಯುತ್ತದಂತೆ. "ನಿಮ್ಮದು ಮಧ್ಯಮ ದರ್ಜೆ" ಎಂದರು. ನನಗೆ ಅವಮಾನವಾಯಿತು. ಹೋಬಳಿಗೇ ಮೊದಲಿಗ ಎಂದುಕೊಂಡಿದ್ದವನು ನಾನು. ಮೂಗಿಗೆ ಮಾಸ್ಕು ಕಟ್ಟುವ ಮಷೀನು ಒಂದಿದೆ, ನಿಮಗೆ ಬಾಯಿಗೆ ಹಾಕುವ ಕ್ಲಿಪ್ಪೂ ಆದೀತು, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಂದು ಚೀಟಿ ಬರೆದರು.

ವಾಪಸು ಬರುವಾಗ ಜಯಪುರದಲ್ಲಿ ಇಳಿಯಬೇಕಿತ್ತು. ಕಣ್ಣು ಬಿಟ್ಟರೆ ಶೃಂಗೇರಿ ಬಸ್‌ಸ್ಟ್ಯಾಂಡು. ಬಸ್ಸು ಖಾಲಿ. ಕಂಡಕ್ಟರು ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

"ಜಯಪುರದಲ್ಲಿ ಎಬ್ಬಿಸೋದಲ್ವನಾ ಮಾರಾಯ?" ಎಂದೆ.

"ಎಬ್ಬಿಸಿದ್ದೆ ಮಾರಾಯ್ರೆ. ನೀವು ಕಣ್ಣು ಬಿಡದೆ 'ಕೋಣ ಅಡ್ಡ ಬಂತು' ಅಂದ್ರಿ. ಡ್ರೈವರು ಬ್ರೇಕ್ ಒತ್ತಿಬಿಟ್ಟ. ಹಿಂದಿನ ಸೀಟಿನವರೆಲ್ಲ ಮುಂದೆ ಬಂದ್ರು. ಆಮೇಲೆ ನಿಮ್ಮನ್ನ ಎಬ್ಬಿಸೋ ಧೈರ್ಯ ಯಾರಿಗೂ ಬರ್ಲಿಲ್ಲ."

೩. ಬಾಯಿ ತೆಗೆಯಿರಿ

ಕೊಪ್ಪದ ಹಲ್ಲಿನ ಡಾಕ್ಟರಮ್ಮನನ್ನು ಕಂಡದ್ದೇ ನನ್ನ ಎದೆ ಉಬ್ಬಿತು. ಒಂದು ಕಾಲಕ್ಕೆ ಎರಡು ಜಡೆ ಹಾಕಿಕೊಂಡು ನನ್ನ ಜೀಪಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಹುಡುಗಿ. "ನೋಡು, ನನ್ನ ಜೀಪಿನಲ್ಲಿ ಹೋದವರು ಎಲ್ಲಿಗೆ ಮುಟ್ಟಿದ್ದಾರೆ" ಎಂದು ಹೆಂಡತಿಗೆ ಹೇಳಿದೆ. ಅವಳು ಫೋನು ಹೊರತೆಗೆದಳು. ನನ್ನ ಗೊರಕೆಯನ್ನು ರೆಕಾರ್ಡು ಮಾಡಿ ತಂದಿದ್ದಳು.

ಅವಳಿಗೆ ಫೋನಿನ ಸೌಂಡು ಕಡಿಮೆ ಮಾಡಲು ಬರುವುದಿಲ್ಲ. ಡಾಕ್ಟರಮ್ಮನ ಕೋಣೆಗೆ ಬಾಗಿಲಿಲ್ಲ, ಬರೀ ಪರದೆ. ಗೊರ್ರ್ ಎಂದು ಶುರುವಾಯಿತು, ಏರಿತು, ಗಕ್ಕನೆ ನಿಂತಿತು, ಆಮೇಲೆ ಬಾವಿಯಿಂದ ಎತ್ತಿದವನ ಹಾಗೆ ಒಂದು ದೊಡ್ಡ ಏದುಸಿರು. ಹೊರಗೆ ಬೆಂಚಿನಲ್ಲಿ ದವಡೆ ಹಿಡಿದುಕೊಂಡು ಕೂತಿದ್ದ ಅಜ್ಜಿಯೊಬ್ಬರು, "ಅಯ್ಯೋ ಪಾಪ, ಮರಗಟ್ಟಿಸೋ ಮದ್ದೂ ಕೊಡದೆ ಕೀಳ್ತಿದಾರೆ" ಎಂದರು. ನಾವು ಹೊರಗೆ ಬರುವಾಗ ಬೆಂಚು ಖಾಲಿಯಿತ್ತು.

ಡಾಕ್ಟರಮ್ಮ ಒಂದು ಫಾರಂ ಇಟ್ಟುಕೊಂಡು ಪ್ರಶ್ನೆ ಕೇಳಿದರು. ಪೇಪರ್ ಓದುವಾಗ ನಿದ್ದೆ ಬರುತ್ತಾ? ಬರುತ್ತೆ. ಟಿವಿ ಮುಂದೆ? ಅದಿರೋದೇ ಅದಕ್ಕೆ. ಊಟ ಆದ ಮೇಲೆ? ಊಟ ಮಾಡುವಾಗಲೂ.

"ಗಾಡಿ ಓಡಿಸುವಾಗ?"

"ಇಲ್ಲ" ಎಂದೆ. ಸ್ವಲ್ಪ ಬೇಗನೇ ಎಂದೆ.

ಹೆಂಡತಿ ಮೇಜಿನ ಮೇಲಿದ್ದ ದೊಡ್ಡ ಪ್ಲಾಸ್ಟಿಕ್ ಹಲ್ಲುಗಳನ್ನು ಎಣಿಸುವವಳ ಹಾಗೆ ನೋಡತೊಡಗಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಮಾವ, ಮೂರನೇ ಕ್ಲಾಸಿಂದ ಏಳರವರೆಗೆ ನಾನು ನಿಮ್ಮ ಜೀಪಲ್ಲೇ ಹೋಗಿದ್ದು. ನಿಜ ಹೇಳಿ, ಆಗಲೂ ಹೀಗೇನಾ?"

ಏನಾದರೂ ಹೇಳಲೇಬೇಕಲ್ಲ ಎಂದು ಬಾಯಿ ತೆರೆದೆ. ಅವರು ನಾನು ಸರಿಯಾದ ಹೊತ್ತಿಗೆ ಬಾಯಿ ತೆರೆದೆನೆಂದುಕೊಂಡು ಅಚ್ಚು ತೆಗೆಯುವ ಪೇಸ್ಟನ್ನು ತುಂಬಿಸಿ, ಗಟ್ಟಿಯಾಗುವವರೆಗೆ ಮಾತಾಡಬೇಡಿ ಎಂದರು. ಡಾಕ್ಟರೊಬ್ಬರಿಂದ ನನಗೆ ಇದಕ್ಕಿಂತ ದೊಡ್ಡ ಉಪಕಾರ ಆಗಿದ್ದಿಲ್ಲ.

೪. ಸಾಕ್ಷಿಯ ಬಾಯಲ್ಲಿ ಕವಳ

ಎರಡು ವಾರಕ್ಕೆ ಕ್ಲಿಪ್ಪು ಬಂತು. ಮೇಲಿನ ಹಲ್ಲಿಗೊಂದು ತಟ್ಟೆ, ಕೆಳಗಿನ ಹಲ್ಲಿಗೊಂದು ತಟ್ಟೆ, ಎರಡನ್ನೂ ಹಿಡಿದಿಡಲು ಬದಿಗಳಲ್ಲಿ ಸಣ್ಣ ಸ್ಕ್ರೂ. ಹಾಕಿಕೊಂಡರೆ ಕೆಳದವಡೆ ಮುಂದೆ ಬಂದು ನಿಲ್ಲುತ್ತದೆ, ಅದರ ಜೊತೆ ನಾಲಗೆಯೂ ಮುಂದೆ ಬರುತ್ತದೆ, ಗಂಟಲಲ್ಲಿ ಉಸಿರಿಗೆ ದಾರಿಯಾಗುತ್ತದೆ. ಮಲಗುವಾಗ ಮಾತ್ರ ಹಾಕಬೇಕು, ಮಧ್ಯಾಹ್ನ ಅಡ್ಡಾಗುವುದಾದರೂ ಹಾಕಬೇಕು, ಅದನ್ನು ಹಾಕಿಕೊಂಡು ಏನೂ ತಿನ್ನಬಾರದು, ಬಿಸಿನೀರು ತಾಗಿಸಬಾರದು. ಸ್ಕ್ರೂ ತಿರುಗಿಸಲು ಕಡ್ಡಿಯಷ್ಟು ಸಣ್ಣ ಕೀಯೊಂದನ್ನು ಕೊಟ್ಟು, ವಾರಕ್ಕೊಂದೇ ಸುತ್ತು ಎಂದರು. ನಾನು ಕೈ ಚಾಚುವ ಮೊದಲೇ ಹೆಂಡತಿ ತೆಗೆದುಕೊಂಡಳು. ಈಗ ಅವಳ ಹತ್ತಿರ ಎರಡು ಕೀ, ನನ್ನ ಹತ್ತಿರ ಒಂದೂ ಇಲ್ಲ.

ಊರಿನಲ್ಲಿ ಸಿಕ್ಕಿದವರೆಲ್ಲ "ಗೇರ್ ಬಾಕ್ಸ್ ಬಂತಾ?" ಎಂದು ಕೇಳುತ್ತಿದ್ದರು. "ಬಂತು, ಇನ್ನೂ ಹೊಂದಿಕೊಳ್ತಾ ಇಲ್ಲ" ಎನ್ನುತ್ತಿದ್ದೆ. ಎರಡಕ್ಕೂ ಸಲ್ಲುವ ಮಾತು ಅದೊಂದೇ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಕ್ಲಿಪ್ಪು ಹಾಕಿಕೊಂಡು ಮಲಗಿದ್ದೆ. ಪಂಚಾಯ್ತಿ ಮೆಂಬರು ಊರಿನ ಇಬ್ಬರ ಜೊತೆ ಅಂಗಳಕ್ಕೆ ಬಂದರು. ಗಡಬಡಿಸಿ ಎದ್ದು ಕೂತೆ. ಹೆಂಡತಿ ಕವಳದ ತಟ್ಟೆ ತಂದಿಟ್ಟಳು. ಬಂದವರು ಕವಳ ಹಾಕುವಾಗ ಮನೆಯ ಯಜಮಾನ ಸುಮ್ಮನೆ ಕೂತರೆ ನಮ್ಮಲ್ಲಿ ಅದು ಎದ್ದು ಹೋಗಿ ಎಂದ ಹಾಗೆ. ಕೈ ತಾನಾಗಿಯೇ ಎಲೆಗೆ ಸುಣ್ಣ ಹಚ್ಚಿತು, ಮಡಿಸಿತು, ಬಾಯಿಗಿಟ್ಟಿತು. ಬಾಯಲ್ಲಿ ಕ್ಲಿಪ್ಪಿದೆ ಎಂದು ನೆನಪಾದದ್ದು ಅಗಿಯಲು ಹೋದಾಗ. ಎಲೆ ಎರಡು ತಟ್ಟೆಗಳ ಸಂದಿಗೆ, ಅಡಕೆ ಸ್ಕ್ರೂ ಸಂದಿಗೆ. ದವಡೆ ಮೇಲೂ ಹೋಗದು, ಕೆಳಗೂ ಬಾರದು.

"ಆ ತಿರುವಿಗೆ ಒಂದು ಬೋರ್ಡು ಹಾಕಿಸೋದು ಅಂತಾಗಿದೆ" ಎಂದರು ಮೆಂಬರು. "ಕೋಣನ್ನ ಕಣ್ಣಾರೆ ಕಂಡೆ ಅಂತ ಹೇಳಿದವರು ನೀವೊಬ್ಬರೇ. ಸಾಕ್ಷಿಗೆ ನಿಮ್ಮ ಹೆಸರೇ ಬರ್ಕೊಂಡಿದೀವಿ. ನಿಮಗೇನಾದ್ರೂ ಹೇಳೋದಿದ್ರೆ ಈಗಲೇ ಹೇಳಿಬಿಡಿ."

ಆ ಕ್ಷಣದಲ್ಲಿ ನನಗೆ ನಿಜವಾಗಿಯೂ ಒಂದು ಮಾತು ಹೇಳಬೇಕೆನಿಸಿತ್ತು. ಯಾವ ಮಾತು ಎಂಬುದು ಕಡೆಗೆ ಬರುತ್ತದೆ. ಹೆಂಡತಿಯೂ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಎರಡೂ ಕೈಯಾಡಿಸಿ "ಊಂ, ಊಂ" ಎಂದೆ. ಕಟವಾಯಿಯಿಂದ ಕೆಂಪು ನೀರು ಇಳಿಯಿತು. ಕಣ್ಣಲ್ಲೂ ನೀರು ಬಂತು.

"ಬೇಡ, ಬೇಡ, ಬಿಡಿ" ಎಂದು ಮೆಂಬರು ನನ್ನ ಬೆನ್ನು ಸವರಿದರು. "ಪಾಪ, ಹೆದರಿಕೆ ಇನ್ನೂ ಇಳಿದಿಲ್ಲ. ಮಾತೇ ಹೊರಡ್ತಿಲ್ಲ." ಎಂಟು ದಿನದಲ್ಲಿ ಬೋರ್ಡು ಬಂತು: ಕಾಡುಕೋಣ ದಾಟುವ ಸ್ಥಳ, ನಿಧಾನವಾಗಿ ಚಲಿಸಿ.

ಕ್ಲಿಪ್ಪಿನ ಕೆಂಪು ಹೋಗಲೆಂದು ಹುಣಸೆಹಣ್ಣು ಹಾಕಿ ತಿಕ್ಕಿದೆ. "ಅದು ತಾಮ್ರದ ಚೊಂಬಲ್ಲ" ಎಂದು ಹೆಂಡತಿ ಬೈದಳು. ಮುಂದಿನ ಸಲ ಕೊಪ್ಪಕ್ಕೆ ಹೋದಾಗ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಮಾವ, ರಾತ್ರಿ ನೀವು ಮಲಗ್ತೀರೋ, ಬೇಟೆಗೆ ಹೋಗ್ತೀರೋ?" ಎಂದರು.

೫. ಸ್ಕ್ರೂ

ವಾರಕ್ಕೊಂದು ಸುತ್ತಿನ ಹಾಗೆ ಹೆಂಡತಿ ತಿರುಗಿಸುತ್ತಿದ್ದಳು. ಗೊರಕೆ ಇಳಿಯುತ್ತಿತ್ತು, ಆದರೆ ಎತ್ತಿನ ಗಾಡಿ ಇಳಿದಷ್ಟು ನಿಧಾನ. ಅಂಗಳದಲ್ಲಿ ಜೀಪು ಧೂಳು ಹಿಡಿದು ನಿಂತಿತ್ತು. ಬೆಳಿಗ್ಗೆ ಮಕ್ಕಳು ಬೇರೆಯವರ ವ್ಯಾನಿನಲ್ಲಿ ಹೋಗುತ್ತ "ಜೀಪ್ ಮಾವ" ಎಂದು ಕೈಬೀಸುತ್ತಿದ್ದವು. ಆ ಹೊತ್ತಿಗೆ ನಾನು ದನದ ಕೊಟ್ಟಿಗೆಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ದನ ಮಾರಿ ಆರು ವರ್ಷವಾಗಿತ್ತು.

ಇಪ್ಪತ್ತೆಂಟು ವರ್ಷ ಕ್ಲಚ್ಚು ಟೈಟು ಮಾಡಿಕೊಂಡವನಿಗೆ ಇಷ್ಟು ಸಣ್ಣ ಸ್ಕ್ರೂ ಯಾವ ಲೆಕ್ಕ? ಹೆಂಡತಿ ದೇವಸ್ಥಾನಕ್ಕೆ ಹೋದಾಗ ಸಾಸಿವೆ ಡಬ್ಬಿಯಲ್ಲಿದ್ದ ಸಣ್ಣ ಕೀಯನ್ನು ಹುಡುಕಿ ತೆಗೆದು, ಎಂಟು ವಾರದ್ದನ್ನು ಒಂದೇ ಏಟಿಗೆ ತಿರುಗಿಸಿಬಿಟ್ಟೆ. ಆ ರಾತ್ರಿ ಗೊರಕೆ ಬರಲಿಲ್ಲ. ನೋವಿಗೆ ನಿದ್ದೆಯೇ ಬರಲಿಲ್ಲ. ಬೆಳಿಗ್ಗೆ ಕ್ಲಿಪ್ಪು ಈಚೆ ಬಂತು, ದವಡೆ ಬರಲಿಲ್ಲ. ಅದು ಮುಂದೆಯೇ ನಿಂತಿತ್ತು, ಎಳೆದಿಟ್ಟ ಮೇಜಿನ ಡ್ರಾಯರಿನ ಹಾಗೆ.

ಅವತ್ತೇ ನರಸಿಂಹರಾಜಪುರದಲ್ಲಿ ಹೆಂಡತಿಯ ಕಡೆಯ ಮದುವೆ. ಹಲ್ಲಿಗೆ ಹಲ್ಲು ಕೂಡುತ್ತಿಲ್ಲ. ಕೋಸಂಬರಿ ಅಗಿಯಲಾಗಲಿಲ್ಲ, ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ನುಂಗಿದೆ. ವಧೂವರರ ಪಕ್ಕದಲ್ಲಿ ನಿಂತಾಗ ಫೋಟೋದವನು ಕ್ಯಾಮೆರಾ ಇಳಿಸಿ, "ಅಂಕಲ್, ಸಿಟ್ಟೆಲ್ಲ ಆಮೇಲೆ ಮಾತಾಡ್ಕೊಳ್ಳಿ, ಈಗ ಸ್ವಲ್ಪ ನಗಿ" ಎಂದ.

"ನಗ್ತಾನೇ ಇದೀನಿ" ಎಂದೆ.

ಮಾರನೇ ದಿನ ಡಾಕ್ಟರಮ್ಮ ಅಷ್ಟನ್ನೂ ಹಿಂದಕ್ಕೆ ತಿರುಗಿಸಿದರು. ಬೈಯಲಿಲ್ಲ. ಅದು ಇನ್ನೂ ಕಷ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಕೇಳಿದಳು.

"ಜೀಪಿನ ಕೀ ಬೇಗ ಸಿಗ್ಲಿ ಅಂತ ಮಾಡಿದ್ರಾ?"

"ಹೂಂ."

"ಅದು ಬೇಗ ಸಿಗೋಕೆ ಬೇರೆ ದಾರಿ ಇದೆ. ಅದಕ್ಕೆ ಸ್ಕ್ರೂ ಬೇಡ, ಬಾಯಿ ತೆಗೆದ್ರೆ ಸಾಕು."

ನಾನು ತಕ್ಷಣ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ. "ಗೊರಕೆ ಹೊಡೀರಿ, ಆಗ ನಂಬ್ತೀನಿ" ಎಂದಳು.

೬. ಎರಡನೇ ಸಲ

ಮೂರು ತಿಂಗಳು ಮುಗಿದ ಮೇಲೆ ಮತ್ತೆ ನಿದ್ದೆಯ ಪರೀಕ್ಷೆ ಆಯಿತು. ಈ ಸಲ ನಾನು ಫೇಲು. ಅಂದರೆ, ಗೊರಕೆಯ ಲೆಕ್ಕದಲ್ಲಿ. ಉಸಿರು ಸರಾಗ, ಹಗಲಲ್ಲಿ ಕಣ್ಣು ಎಳೆಯುವುದೂ ಇಲ್ಲ. ಗಾಡಿ ಓಡಿಸಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಹೆಂಡತಿ ಕರಿಮಣಿಯ ಪಿನ್ನಿನಿಂದ ಕೀ ಬಿಚ್ಚಿ ಕೊಟ್ಟಳು. "ಮೊದಲು ನಾನೊಬ್ಬಳೇ ಕೂರ್ತೀನಿ. ಆಮೇಲೆ ಮಕ್ಕಳ ವಿಷಯ ನೋಡೋಣ."

ಸಿರಿಮನೆಯಲ್ಲಿ ನೆಂಟರ ಮಗುವಿಗೆ ನಾಮಕರಣ. ಹೋಗುವಾಗ ಅವಳು ನನ್ನ ಕಣ್ಣನ್ನೇ ನೋಡುತ್ತ ಕೂತಿದ್ದಳು, ರಸ್ತೆ ನೋಡಲೇ ಇಲ್ಲ. ಊಟ ಮುಗಿಸಿ ಹೊರಟಾಗ ಮೂರು ಗಂಟೆ. ಶೃಂಗೇರಿ ದಾಟುವಷ್ಟರಲ್ಲಿ ಅವಳ ತಲೆ ವಾಲಿತು. ಜಯಪುರ ದಾಟುವಾಗ ಬಾಯಿ ತೆರೆದುಕೊಂಡಿತು. ಆಮೇಲೆ, ಆಣೆಗೂ ಹೇಳುತ್ತೇನೆ, ಸಣ್ಣಗೆ ಗೊರಕೆ ಕೇಳಿಸಿತು. ನನ್ನದಲ್ಲ, ಅವಳದ್ದು. ಎಷ್ಟೋ ವರ್ಷ ನನ್ನ ಉಸಿರು ಕಾಯುತ್ತ ಎದ್ದಿದ್ದವಳು, ಅಷ್ಟನ್ನೂ ಅವತ್ತೇ ಮಲಗಿ ಮುಗಿಸುವವಳ ಹಾಗಿದ್ದಳು.

ತಿರುವಿಗೆ ಬಂದೆ. ಬೋರ್ಡಿನ ಪಕ್ಕದಲ್ಲಿ ಒಂದು ಕಾಡುಕೋಣ ನಿಂತಿತ್ತು.

ನಿಂತಿತ್ತು ಅಷ್ಟೇ ಅಲ್ಲ, ಬೋರ್ಡಿನ ಕಂಬಕ್ಕೆ ಕುತ್ತಿಗೆ ಉಜ್ಜುತ್ತಿತ್ತು. ಕಪ್ಪು ಮೈ, ನಾಲ್ಕೂ ಕಾಲಿಗೆ ಬಿಳಿ ಸಾಕ್ಸು. ಜೀಪು ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ನನ್ನ ಮೇಲೆ ಅದಕ್ಕೆ ಏನೋ ದೂರಿದ್ದ ಹಾಗೆ ಅನಿಸಿತು. ಹೆಂಡತಿಯನ್ನು ಎಬ್ಬಿಸಲು ಕೈ ಎತ್ತಿದೆ, ಅವಳ ಮುಖ ನೋಡಿ ಮನಸ್ಸು ಬರಲಿಲ್ಲ. ಕೋಣ ನಿಧಾನವಾಗಿ, ಬೋರ್ಡಿನಲ್ಲಿ ಬರೆದ ಹಾಗೆಯೇ, ರಸ್ತೆ ದಾಟಿ, ನಡುವೆ ತನ್ನ ಕೆಲಸ ಮುಗಿಸಿ, ಲಂಟಾನದ ಪೊದೆಯೊಳಗೆ ಹೋಯಿತು.

ಜೀಪು ನಿಂತದ್ದಕ್ಕೆ ಅವಳಿಗೆ ಎಚ್ಚರಾಯಿತು. "ಯಾಕೆ ನಿಲ್ಸಿದ್ರಿ?"

"ಕೋಣ ಅಡ್ಡ ಬಂದಿತ್ತು."

ಅವಳು ಸುತ್ತ ನೋಡಿದಳು. ಬೋರ್ಡು ನೋಡಿದಳು. ಆಮೇಲೆ ಅಂಗೈ ಚಾಚಿದಳು.

"ದೇವರಾಣೆಗೂ ಮಾರಾಯ್ತಿ, ಈಗಷ್ಟೇ ಹೋಯ್ತು."

ಅಂಗೈ ಹಿಂದೆ ಹೋಗಲಿಲ್ಲ. ಕೀ ತೆಗೆದು ಅದರ ಮೇಲಿಟ್ಟೆ. ಆಮೇಲೆ ಅವಳನ್ನು ಇಳಿಸಿ ರಸ್ತೆಯ ನಡುವೆ ಕರೆದುಕೊಂಡು ಹೋದೆ. ಸಗಣಿ ಇನ್ನೂ ಹಬೆಯಾಡುತ್ತಿತ್ತು. ನನ್ನ ಜೀವಮಾನದಲ್ಲಿ ಸಗಣಿ ಕಂಡು ಅಷ್ಟು ಖುಷಿಯಾದದ್ದಿಲ್ಲ. ಅವಳು ಸಂತೆಯಲ್ಲಿ ಸೌತೆಕಾಯಿ ನೋಡುವ ಹಾಗೆ ಬಗ್ಗಿ ನೋಡಿದಳು. ಪಕ್ಕದ ಮಣ್ಣಿನಲ್ಲಿ ಮೂಡಿದ್ದ ಗೊರಸಿನ ಗುರುತನ್ನೂ ನೋಡಿದಳು.

"ಹೌದು, ಕೋಣದ್ದೇ" ಎಂದಳು.

"ಹಂಗಾದ್ರೆ ಕೀ ಕೊಡು."

"ಕೊಡ್ತೀನಿ. ಮೊದಲು ಅವತ್ತಿನ ಕೋಣದ ಗೊರಸು ಎಲ್ಲಿತ್ತು, ತೋರ್ಸಿ."

ಬೋರ್ಡಿನ ಕೆಳಗೆ ನಿಂತಿದ್ದೆ. ಬಾಯಲ್ಲಿ ಕ್ಲಿಪ್ಪಿಲ್ಲ, ಕವಳವಿಲ್ಲ, ಪೇಸ್ಟಿಲ್ಲ. ತಪ್ಪಿಸಿಕೊಳ್ಳಲು ಏನೂ ಇರಲಿಲ್ಲ.

"ಅವತ್ತು ಕೋಣ ಬಂದಿರ್ಲಿಲ್ಲ" ಎಂದೆ. "ನನಗೆ ನಿದ್ದೆ ಬಂದಿತ್ತು."

"ಗೊತ್ತು. ಸ್ಟೇರಿಂಗ್ ಎಳೆದದ್ದು ನಾನು" ಎಂದಳು. "ಅಷ್ಟು ಹೇಳೋಕೆ ನಿಮ್ಮ ದವಡೆನ ಡಾಕ್ಟ್ರು ಮುಂದೆ ತರ್ಬೇಕಾಯ್ತು." ಕೀ ನನ್ನ ಕೈಗಿಟ್ಟು ಜೀಪು ಹತ್ತಿ, ಮತ್ತೆ ಕಣ್ಣು ಮುಚ್ಚಿದಳು. ನನ್ನ ಪಕ್ಕದಲ್ಲಿ, ನಾನು ಓಡಿಸುವಾಗ, ನೆಮ್ಮದಿಯಿಂದ.

ಸೋಮವಾರದಿಂದ ಹನ್ನೊಂದು ಮಕ್ಕಳೂ ವಾಪಸು ಬಂದಿದ್ದಾರೆ. ಭಾನುವಾರ ಅವರ ಮನೆಮನೆಗೆ ಹೋಗಿ ಗೇರ್ ಬಾಕ್ಸಿನ ಕಥೆಯನ್ನು ನಾನೇ ಬಿಡಿಸಿ ಹೇಳಿ, ಡಾಕ್ಟರ ಚೀಟಿ ತೋರಿಸಿ, ಆಮೇಲೆ ಕರೆದೆ. ಯಾರೂ ಬೈಯಲಿಲ್ಲ. ಎರಡನೇ ಕೋಣದ ವಿಷಯವನ್ನು ಮಾತ್ರ ಒಬ್ಬರೂ ನಂಬಲಿಲ್ಲ.

ಇನ್ನು ಶುರುವಿನಲ್ಲಿ ಇಟ್ಟ ಆಣೆಯ ವಿಷಯ. ಇದರಲ್ಲಿ ಒಂದೇ ಒಂದು ಸಣ್ಣ ವಿವರ ನಾನೇ ಹುಟ್ಟಿಸಿದ್ದು. ಸಣ್ಣದು ಅಂದರೆ, ಸುಮಾರು ಒಂದು ಟನ್ ತೂಕದ್ದು, ಮೂಗಿನಲ್ಲಿ ಹೊಗೆ ಬಿಡುವಂಥದ್ದು.